ಪಾಳಿ ಬಿಡುವ ಹೊತ್ತಿನ ರಸ್ತೆ

ಬೆಳಗಿನ ಏಳರ ಸುಮಾರಿಗೆ ಮುಂಬಯಿ ಬಳಿಯ ಡೊಂಬಿವಲಿ ಎಂಐಡಿಸಿಯ ರಸ್ತೆಗಳಲ್ಲಿ ಬರುವವರೂ ಹೋಗುವವರೂ ಎದುರಾಗುತ್ತಾರೆ. ರಾತ್ರಿ ಪಾಳಿ ಮುಗಿಸಿದವರು ಕೆಂಪಾದ ಕಣ್ಣುಗಳಲ್ಲಿ ಕಂಪನಿಗಳ ಗೇಟಿನಿಂದ ಹೊರಬೀಳುತ್ತಾರೆ. ಮಿಂದು, ತಲೆ ಬಾಚಿ, ಊಟದ ಡಬ್ಬಿ ಹಿಡಿದವರು ಒಳಗೆ ಹೋಗುತ್ತಾರೆ. ರಿಕ್ಷಾಗಳು ಸ್ಟೇಷನ್ ಕಡೆಯಿಂದ ಜನರನ್ನು ತಂದು ಸುರಿಯುತ್ತವೆ. ರಸ್ತೆಯ ಎಡಬದಿಗೆ ರಾಸಾಯನಿಕ ತುಂಬಿದ ಟ್ಯಾಂಕರ್‌ಗಳು ಒಂದರ ಹಿಂದೆ ಒಂದು ನಿಂತಿರುತ್ತವೆ. ಟ್ಯಾಂಕರ್‌ಗಳಿಗೂ ಓಡುವ ಟೆಂಪೋಗಳಿಗೂ ನಡುವೆ ಉಳಿದ ಇಕ್ಕಟ್ಟಿನಲ್ಲಿ ಸೈಕಲ್‌ಗಳು ಸಾಗುತ್ತವೆ. ಹೆಚ್ಚಿನವು ಕಪ್ಪು ಬಣ್ಣದ ಹಳೆಯ ಗಟ್ಟಿ ಸೈಕಲ್‌ಗಳು. ಕ್ಯಾರಿಯರ್‌ಗೆ ಚೀಲ, ಹ್ಯಾಂಡಲ್‌ಗೆ ಡಬ್ಬಿ. ಓಡಿಸುವವರ ಬೆನ್ನು ಸ್ವಲ್ಪ ಬಾಗಿರುತ್ತದೆ, ಕಿವಿ ಹಿಂದಕ್ಕೇ ಇರುತ್ತದೆ.

ನಾನು ಧಾರವಾಡದವನು. ತಂಗಿಯ ಮನೆ ಡೊಂಬಿವಲಿ ಪೂರ್ವದಲ್ಲಿದೆ. ಹೋದಾಗಲೆಲ್ಲ ಅವಳ ಮನೆಯ ಸೈಕಲ್ ಹತ್ತಿ ಎಂಐಡಿಸಿ ಸುತ್ತುವುದು ರೂಢಿಯಾಗಿದೆ. ಕೈಗಾರಿಕಾ ಪ್ರದೇಶಕ್ಕೆ ಪ್ರವಾಸ ಹೋಗುವವರು ಕಡಿಮೆ. ಆದರೆ ಒಂದು ನಾಡು ತನ್ನ ದುಡಿಯುವ ಜನರನ್ನು ಹೇಗೆ ನಡೆಸಿಕೊಳ್ಳುತ್ತದೆ ಎಂದು ತಿಳಿಯಬೇಕಾದರೆ ಅವರು ಕೆಲಸಕ್ಕೆ ಹೋಗುವ ದಾರಿಯನ್ನು ನೋಡಬೇಕು, ಅದನ್ನು ಅವರ ವೇಗದಲ್ಲಿಯೇ ಹಾಯಬೇಕು ಎಂದು ನನಗೆ ಬಹಳ ದಿನಗಳಿಂದ ಅನ್ನಿಸಿದೆ. ಈ ಸಲ ಇನ್ನೊಂದು ಪ್ರಶ್ನೆಯೂ ಜೊತೆಗಿತ್ತು. ಈ ರಸ್ತೆಗಳನ್ನು ಕಟ್ಟುವ, ಕಾಯುವ ಅಧಿಕಾರಿಗಳಿಗೆ ಸೈಕಲ್ ಸವಾರನ ಸುರಕ್ಷತೆ ಎಂದರೆ ಮನಸ್ಸಿಗೆ ಬರುವುದು ಏನು?

ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮ, ಅಂದರೆ ಎಂಐಡಿಸಿ, ಹುಟ್ಟಿದ್ದು 1962ರ ಆಗಸ್ಟ್ 1ರಂದು. ಅದೇ ದಶಕದಲ್ಲಿ ಡೊಂಬಿವಲಿಯ ಹೊಲಗದ್ದೆಗಳ ನಡುವೆ ಪ್ಲಾಟುಗಳು ಬಿದ್ದವು. ಬಣ್ಣ, ಔಷಧಿಯ ಕಚ್ಚಾ ವಸ್ತು, ಕೀಟನಾಶಕ, ಬಟ್ಟೆಗೆ ಬಣ್ಣ ಹಾಕುವ ಘಟಕಗಳು, ಎಂಜಿನಿಯರಿಂಗ್ ಶೆಡ್ಡುಗಳು ಬಂದವು. ಮಗ್ಗುಲಲ್ಲೇ ಮಿಲಾಪ್ ನಗರದಂಥ ವಸತಿ ಬಡಾವಣೆಗಳು ಎದ್ದವು. ಸುರಕ್ಷತೆ ಎಂಬ ಮಾತು ಈ ಊರಿಗೆ ಹೊಸದಲ್ಲ. 2016ರ ಮೇ 26ರಂದು ಒಂದು ರಾಸಾಯನಿಕ ಕಾರ್ಖಾನೆ ಸ್ಫೋಟಿಸಿತು. 2024ರ ಮೇ 23ರಂದು ಇನ್ನೊಂದು ಸ್ಫೋಟಿಸಿತು. ಎರಡು ಸಲವೂ ದೂರದ ಮನೆಗಳ ಗಾಜುಗಳು ಒಡೆದು ಬಿದ್ದವು, ಹತ್ತಾರು ಕುಟುಂಬಗಳು ತಮ್ಮವರನ್ನು ಕಳೆದುಕೊಂಡವು. ಇವೆರಡರ ನಡುವೆ, 2020ರ ಫೆಬ್ರವರಿಯಲ್ಲಿ, ಊರು ಇನ್ನೊಂದು ಕಾರಣಕ್ಕೆ ದೇಶದ ಕಣ್ಣಿಗೆ ಬಿತ್ತು. ಇಲ್ಲಿಯ ಒಂದು ರಸ್ತೆ ರಾಸಾಯನಿಕದ ಪುಡಿಯಿಂದ ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಚಿತ್ರಗಳು ಎಲ್ಲ ಪತ್ರಿಕೆಗಳಲ್ಲಿ ಬಂದವು. ಮುಂಬಯಿಯ ಮಂತ್ರಾಲಯದವರೆಗೂ ಸುದ್ದಿ ಹೋಯಿತು.

ಆ ಗುಲಾಬಿ ರಸ್ತೆಯ ಚಿತ್ರವನ್ನು ಅಂದು ನೋಡಿದಾಗ ನನಗೆ ಮೊದಲು ಹೊಳೆದದ್ದು ಮಳೆಗಾಲ. ನೆಲದ ಮೇಲೆ ಚೆಲ್ಲಿದ ಎಣ್ಣೆ, ಪುಡಿ, ಜಿಡ್ಡು ಮೊದಲ ಮಳೆಗೆ ನೆನೆದರೆ ಕಾರಿನವನಿಗೆ ಅದು ಗೊತ್ತೂ ಆಗುವುದಿಲ್ಲ. ಸೈಕಲ್‌ನ ತೆಳು ಗಾಲಿ ಅಲ್ಲಿ ಜಾರುತ್ತದೆ. ಜಾರಿ ಬಿದ್ದವನ ಹಿಂದೆ ಏನು ಬರುತ್ತಿದೆ ಎನ್ನುವುದರ ಮೇಲೆ ಅವನು ಆ ದಿನ ಮನೆ ಸೇರುವುದು ನಿಂತಿರುತ್ತದೆ.

ಕಾರ್ಖಾನೆಯ ಗೇಟಿನ ಒಳಗೆ ಸುರಕ್ಷತೆಗೆ ಒಂದು ರಾಜ್ಯಭಾರವೇ ಇದೆ. 1948ರ ಕಾರ್ಖಾನೆ ಕಾಯ್ದೆಯ ಕಾಲದಿಂದ ತಪಾಸಣೆ ಇದೆ, ದೊಡ್ಡ ಕಂಪನಿಗಳಲ್ಲಿ ಸುರಕ್ಷಾ ಅಧಿಕಾರಿ ಇದ್ದಾನೆ. ಮಾರ್ಚ್ 4ರ ರಾಷ್ಟ್ರೀಯ ಸುರಕ್ಷಾ ದಿನಕ್ಕೆ ಪ್ರತಿಜ್ಞೆ ಹೇಳಿಸುತ್ತಾರೆ. ಬೂಟು, ಕನ್ನಡಕ, ಕೈಗವಸು ಇಲ್ಲದೆ ಒಳಗೆ ಬಿಡುವುದಿಲ್ಲ. ಅದೇ ಕಾರ್ಮಿಕ ಪಾಳಿ ಮುಗಿಸಿ ಗೇಟು ದಾಟಿ ಸೈಕಲ್ ಹತ್ತಿದ ಕ್ಷಣದಿಂದ ಅವನ ಜೀವದ ಹೊಣೆ ಅವನೊಬ್ಬನದೇ ಆಗುತ್ತದೆ. ಹತ್ತು ಹೆಜ್ಜೆಗಳ ಅಂತರದಲ್ಲಿ ಆಗುವ ಈ ಬದಲಾವಣೆ ನನ್ನನ್ನು ಕಾಡಿದಷ್ಟು ಇಲ್ಲಿಯ ಬೇರೆ ಯಾವುದೂ ಕಾಡಿಲ್ಲ.

ಎಂಐಡಿಸಿಯ ಎರಡನೇ ಫೇಸಿನ ಒಂದು ಚಹಾದ ಅಂಗಡಿಯ ಮುಂದೆ ನನಗೆ ವಿಜಯಪುರ ಜಿಲ್ಲೆಯ ಇಂಡಿ ಕಡೆಯ ಹಿರಿಯರೊಬ್ಬರು ಸಿಕ್ಕರು. ಬಟ್ಟೆಗೆ ಬಣ್ಣ ಹಾಕುವ ಘಟಕದಲ್ಲಿ ಕೆಲಸ. ಬರಗಾಲದ ಒಂದು ವರ್ಷ ಊರು ಬಿಟ್ಟು ಬಂದವರು ಇಲ್ಲಿಯೇ ನಿಂತರು. ಕನ್ನಡ ಕೇಳಿದ್ದೇ ಅವರ ಮುಖ ಅರಳಿತು. ಚಹಾದ ದುಡ್ಡು ಕೊಡಲು ನನ್ನನ್ನು ಬಿಡಲಿಲ್ಲ. ಸೈಕಲ್ ವಿಷಯ ಬಂತು.

“ಎಡಕ್ಕ ಹೋದ್ರ ಗಟಾರ, ಬಲಕ್ಕ ಹೋದ್ರ ಟ್ಯಾಂಕರ್. ನಡುವ ಒಂದ್ ಗೇಣು ಜಾಗಾ ಅದ ನೋಡ್ರಿ ಸರ, ಅದೇ ನಮ್ಮ ರೋಡ.”

ಅವರ ಜೊತೆ ಅವರ ವಸ್ತಿಯವರೆಗೆ ಸೈಕಲ್ ಮೇಲೆ ಹೋದೆ. ಆ ದಾರಿಯಲ್ಲಿ ಅವರು ನನಗೆ ಕಲಿಸಿದ್ದು ಯಾವ ಎಂಜಿನಿಯರಿಂಗ್ ಪಾಠಕ್ಕೂ ಕಡಿಮೆಯದಲ್ಲ. ಎಂಐಡಿಸಿಯ ಬಹಳಷ್ಟು ರಸ್ತೆಗಳು ಈಚಿನ ವರ್ಷಗಳಲ್ಲಿ ಕಾಂಕ್ರೀಟ್ ಆಗಿವೆ. ಖಡ್ಡಾಗಳ ಕಾಟ ಎಷ್ಟೋ ತಗ್ಗಿದೆ. ಆದರೆ ಕಾಂಕ್ರೀಟಿನ ಹಾಸು ಮುಗಿದು ಬದಿಯ ಮಣ್ಣು ಅಥವಾ ಪೇವರ್ ಬ್ಲಾಕ್ ಶುರುವಾಗುವಲ್ಲಿ ಎಷ್ಟೋ ಕಡೆ ಎರಡು ಬೆರಳು, ನಾಲ್ಕು ಬೆರಳು ಎತ್ತರದ ಅಂಚು ಉಳಿದಿದೆ. ಹಿಂದಿನಿಂದ ಲಾರಿ ಹಾರ್ನ್ ಹಾಕಿದಾಗ ಸವಾರ ಗಾಬರಿಯಿಂದ ಎಡಕ್ಕೆ ಸರಿಯುತ್ತಾನೆ. ಗಾಲಿ ಆ ಅಂಚಿನಿಂದ ಇಳಿಯುತ್ತದೆ, ಮತ್ತೆ ಹತ್ತಲು ಹೋದಾಗ ಅಂಚಿಗೆ ಉಜ್ಜಿಕೊಂಡು ಸೈಕಲ್ ಮಗುಚುತ್ತದೆ. ಬೀಳುವುದು ಬಲಕ್ಕೆ, ಅಂದರೆ ಲಾರಿಯ ಕಡೆಗೆ. ಗಟಾರದ ಕಬ್ಬಿಣದ ಜಾಲರಿಯ ಸರಳುಗಳು ರಸ್ತೆಯ ಉದ್ದಕ್ಕೇ ಇದ್ದರೆ ಗಾಲಿ ಅದರೊಳಗೆ ಸಿಕ್ಕುತ್ತದೆ. ಅಡ್ಡಲಾಗಿ ಹಾಕಿದರೆ ಸಿಕ್ಕುವುದಿಲ್ಲ. ಖರ್ಚು ಒಂದೇ. ಹಾಕುವಾಗ ಯಾವ ದಿಕ್ಕಿಗೆ ತಿರುಗಿಸಿದರು ಎಂಬುದಷ್ಟೇ ವ್ಯತ್ಯಾಸ.

ದೊಡ್ಡ ಟ್ರೇಲರ್ ಎಡಕ್ಕೆ ಹೊರಳುವಾಗ ಅದರ ಎಡ ಮಗ್ಗುಲಲ್ಲಿ ಇರುವುದು ಡ್ರೈವರ್‌ಗೆ ಕಾಣುವುದಿಲ್ಲ. ಅದರ ಹಿಂದಿನ ಗಾಲಿಗಳು ಮುಂದಿನ ಗಾಲಿಗಳ ಜಾಡು ಬಿಟ್ಟು ಒಳಕ್ಕೆ ಕತ್ತರಿಸಿಕೊಂಡು ಬರುತ್ತವೆ. ಹಿರಿಯರಿಗೆ ಇದು ಅನುಭವದಿಂದ ಗೊತ್ತು. ತಿರುವಿನಲ್ಲಿ ಅವರು ನಿಂತು, ಕಾಲು ನೆಲಕ್ಕೆ ಊರಿ, ಟ್ರೇಲರ್ ಪೂರ್ತಿ ಹೋದ ಮೇಲೆಯೇ ಪೆಡಲ್ ತುಳಿದರು.

ಒಂದು ಕಡೆ ಅವರು ಡಿವೈಡರ್ ಪಕ್ಕದಲ್ಲಿ ಉಲ್ಟಾ ದಿಕ್ಕಿನಲ್ಲಿ ಸ್ವಲ್ಪ ದೂರ ಹೋದರು. ನಾನು ಕೇಳುವ ಮುಂಚೆಯೇ ಹೇಳಿದರು: “ಡಿವೈಡರ್ ಬಿಟ್ಟಿದ್ದು ಆ ಸರ್ಕಲ್‌ನ್ಯಾಗ. ಅಲ್ಲಿಗಿ ಹೋಗಿ ಹೊಳ್ಳಿ ಬರ್ಬೇಕಂದ್ರ ಎರಡ ಸಲ ಟ್ರೇಲರ್ ಮುಂದ ಹಾಯಬೇಕ್ರಿ. ಉಲ್ಟಾ ಬಂದ್ರ ಪೊಲೀಸ್ ಬೈತಾರ, ಸೀದಾ ಬಂದ್ರ ಜೀವಕ್ಕ ಕುತ್ತು. ಬೈಸ್ಕೊಳ್ಳೂದು ಚಲೋ ಅಲ್ಲೇನ್ರಿ?”

ಅವರ ಲೆಕ್ಕಾಚಾರದಲ್ಲಿ ನಿಯಮ ಮುರಿಯುವ ಹುಮ್ಮಸ್ಸು ಎಳ್ಳಷ್ಟೂ ಇರಲಿಲ್ಲ. ಎರಡು ಅಪಾಯಗಳನ್ನು ತೂಗಿ ಸಣ್ಣದನ್ನು ಆರಿಸಿಕೊಂಡಿದ್ದರು. ಡಿವೈಡರ್ ಎಲ್ಲಿ ಬಿಡಬೇಕೆಂದು ನಕ್ಷೆ ಬರೆದವರು ಕಾರಿನ ವೇಗದಲ್ಲಿ ಯೋಚಿಸಿದ್ದರು. ಕಾರಿಗೆ ಅರ್ಧ ಕಿಲೋಮೀಟರ್ ಸುತ್ತು ಒಂದು ನಿಮಿಷವೂ ಅಲ್ಲ. ಎಂಟು ತಾಸು ನಿಂತು ಕೆಲಸ ಮಾಡಿದ ಮೊಣಕಾಲಿಗೆ ಅದು ಬೇರೆಯೇ ದೂರ.

ಆ ವಾರವೇ ರಸ್ತೆ ಕೆಲಸ ನೋಡುವ ಎಂಜಿನಿಯರ್ ಒಬ್ಬರನ್ನು ಪರಿಚಯದವರ ಮೂಲಕ ಭೇಟಿಯಾದೆ. ಸಜ್ಜನರು. ಮೇಜಿನ ಮೇಲಿನ ಫೈಲುಗಳನ್ನು ಸರಿಸಿ ಮಾತಿಗೆ ಕುಳಿತರು. ಸೈಕಲ್ ಎಂದ ಕೂಡಲೇ ಅವರು ಜೂನ್ 3ರ ವಿಶ್ವ ಸೈಕಲ್ ದಿನದ ರ‍್ಯಾಲಿಯ ಚಿತ್ರಗಳನ್ನು ಮೊಬೈಲಿನಲ್ಲಿ ತೋರಿಸಿದರು. ಬಣ್ಣದ ಟೀಶರ್ಟು, ಹೆಲ್ಮೆಟ್ಟು, ಗೇರ್ ಸೈಕಲ್‌ಗಳು. ಭಾನುವಾರ ಬೆಳಿಗ್ಗೆ ಗುಂಪುಗಳು ಬರುತ್ತವೆ, ಆರೋಗ್ಯಕ್ಕೆ ಒಳ್ಳೆಯದು, ನಾವೂ ಪ್ರೋತ್ಸಾಹಿಸುತ್ತೇವೆ ಎಂದರು. ಕೆಲಸಕ್ಕೆ ಸೈಕಲ್ ಮೇಲೆ ಹೋಗುವವರ ಬಗ್ಗೆ ಕೇಳಿದೆ. ಅವರು ಸ್ವಲ್ಪ ಯೋಚಿಸಿ, “ಈಗ ಅಂಥವರು ಎಲ್ಲಿದ್ದಾರೆ? ಎಲ್ಲರೂ ಬೈಕ್ ತೆಗೆದುಕೊಂಡಿದ್ದಾರೆ” ಎಂದರು. ಅವರು ಆಫೀಸಿಗೆ ಬರುವುದು ಹತ್ತು ಗಂಟೆಗೆ. ಪಾಳಿ ಬಿಡುವುದು ಏಳಕ್ಕೆ, ಮೂರಕ್ಕೆ, ರಾತ್ರಿ ಹನ್ನೊಂದಕ್ಕೆ.

ಸುರಕ್ಷತೆಯ ಮಾತಿಗೆ ಅವರು ಹೇಳಿದ್ದು ಹೆಲ್ಮೆಟ್, ರಿಫ್ಲೆಕ್ಟರ್, ಶಿಸ್ತು. ಇವು ಮೂರೂ ಬೇಕು, ನಾನು ಅಲ್ಲಗಳೆಯುವುದಿಲ್ಲ. ರಾತ್ರಿ ಹನ್ನೊಂದರ ಪಾಳಿಯವನಿಗೆ ಹಿಂದೊಂದು ಕೆಂಪು ದೀಪ ಜೀವರಕ್ಷಕವೇ ಸರಿ. ಆದರೆ ಮೂರನ್ನೂ ಸವಾರನೇ ತಂದುಕೊಳ್ಳಬೇಕು. ರಸ್ತೆ ಏನು ಕೊಡಬೇಕು ಎಂಬ ಮಾತು ಆ ಪಟ್ಟಿಯಲ್ಲಿ ಇರಲಿಲ್ಲ. ನಾನು ಗಟಾರದ ಜಾಲರಿಯ ದಿಕ್ಕಿನ ಬಗ್ಗೆ ಹೇಳಿದಾಗ ಅವರು ಪೆನ್ನು ತೆಗೆದು ಒಂದು ಚೀಟಿಯ ಮೇಲೆ ಗೀಚಿ ನೋಡಿದರು, ತಲೆಯಾಡಿಸಿದರು. “ಇದನ್ನು ಯಾರೂ ಹೇಳಿರಲಿಲ್ಲ” ಎಂದರು. ಆ ಮಾತಿನಲ್ಲಿ ಪ್ರಾಮಾಣಿಕತೆ ಇತ್ತು. ಸೈಕಲ್ ಸವಾರ ಅರ್ಜಿ ಬರೆಯುವುದಿಲ್ಲ, ನಗರಸೇವಕರ ಮನೆಗೆ ಹೋಗುವುದಿಲ್ಲ. ಬಿದ್ದರೆ ಮೊಣಕೈ ಒರೆಸಿಕೊಂಡು ಕೆಲಸಕ್ಕೆ ಹೋಗುತ್ತಾನೆ. ಅವನು ಬಿದ್ದದ್ದು ಠಾಣೆಯ ದಾಖಲೆಗೂ ಬರುವುದಿಲ್ಲ, ರಸ್ತೆಯ ಫೈಲಿಗೂ ಬರುವುದಿಲ್ಲ.

ಅವರ ಕಷ್ಟವನ್ನೂ ಹೇಳಬೇಕು. ಇಲ್ಲಿಯ ಒಂದು ರಸ್ತೆ ಎಂಐಡಿಸಿಯದು, ಇನ್ನೊಂದು ಕಲ್ಯಾಣ–ಡೊಂಬಿವಲಿ ಮಹಾನಗರ ಪಾಲಿಕೆಯದು, ಹೊರಗಿನ ಶೀಳ್ ರಸ್ತೆ ರಾಜ್ಯ ರಸ್ತೆ ಅಭಿವೃದ್ಧಿ ನಿಗಮದ್ದು, ಮೆಟ್ರೋ ಕಂಬ ಬಂದಲ್ಲಿ ಮುಂಬಯಿ ಮಹಾನಗರ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ, ಅಂದರೆ ಎಂಎಂಆರ್‌ಡಿಎಯದು, ಓಡಾಟ ಟ್ರಾಫಿಕ್ ಪೊಲೀಸರದು. ಪಾಲಿಕೆ 1983ರಲ್ಲಿ ಹುಟ್ಟಿದಾಗ ಸೇರಿದ್ದ ಸುತ್ತಲಿನ 27 ಹಳ್ಳಿಗಳು 2002ರಲ್ಲಿ ಹೊರಗೆ ಹೋದವು, 2015ರಲ್ಲಿ ಮತ್ತೆ ಒಳಗೆ ಬಂದವು. ಗಡಿ ಹೀಗೆ ಸರಿದಾಡಿದಾಗ ರಸ್ತೆಯ ಹೊಣೆಯೂ ಒಂದು ಕೈಯಿಂದ ಇನ್ನೊಂದು ಕೈಗೆ ಹೋಗುತ್ತಿರುತ್ತದೆ. ಮನೆಯಿಂದ ಕಂಪನಿಗೆ ನಾಲ್ಕು ಕಿಲೋಮೀಟರ್ ಸೈಕಲ್ ತುಳಿಯುವವನು ಇಷ್ಟು ಇಲಾಖೆಗಳ ಗಡಿಗಳನ್ನು ದಾಟುತ್ತಾನೆ. ಅವನ ಪೂರ್ತಿ ದಾರಿಯನ್ನು ಒಂದೇ ದಾರಿಯೆಂದು ನೋಡುವ ಒಬ್ಬ ಅಧಿಕಾರಿಯೂ ಇಲ್ಲ.

“ಅಂಥವರು ಎಲ್ಲಿದ್ದಾರೆ” ಎಂಬ ಪ್ರಶ್ನೆ ನನ್ನ ಜೊತೆ ಮನೆಗೆ ಬಂತು. ಒಂದು ಕಾಲದಲ್ಲಿ ಸರ್ಕಾರಕ್ಕೆ ಅದರ ಉತ್ತರ ಗೊತ್ತಿತ್ತು. ನಮ್ಮ ಊರುಗಳಲ್ಲಿ ಪುರಸಭೆಗಳು ಸೈಕಲ್‌ಗೆ ವಾರ್ಷಿಕ ತೆರಿಗೆ ಹಾಕಿ ಲೋಹದ ಬಿಲ್ಲೆ ಕೊಡುತ್ತಿದ್ದವು. ಬಿಲ್ಲೆ ಇಲ್ಲದ ಸೈಕಲ್ ಹಿಡಿಯುತ್ತಿದ್ದರು, ರಾತ್ರಿ ದೀಪವಿಲ್ಲದವನನ್ನು ಪೊಲೀಸರು ನಿಲ್ಲಿಸುತ್ತಿದ್ದರು, ಡಬಲ್ ರೈಡಿಗೆ ದಂಡ ಇತ್ತು. ಆ ತೆರಿಗೆ ಬಡವರಿಗೆ ಭಾರವಾಗಿತ್ತು, ಹೋದದ್ದು ಒಳ್ಳೆಯದೇ ಆಯಿತು. ಆದರೆ ತೆರಿಗೆಯ ಜೊತೆಗೆ ರಿಜಿಸ್ಟರ್ ಕೂಡ ಹೋಯಿತು. ಇಂದು ಪ್ರತಿ ಕಾರು, ಪ್ರತಿ ಸ್ಕೂಟರ್ ಆರ್‌ಟಿಒ ಪುಸ್ತಕದಲ್ಲಿದೆ. ವರ್ಷಕ್ಕೆ ಎಷ್ಟು ಹೆಚ್ಚಾದವು ಎಂದು ಅಧಿಕಾರಿ ಬೆರಳ ತುದಿಯಲ್ಲಿ ಹೇಳುತ್ತಾನೆ, ಅದಕ್ಕೆ ತಕ್ಕಂತೆ ರಸ್ತೆ ಅಗಲ ಮಾಡುತ್ತಾನೆ. ಸೈಕಲ್ ಯಾವ ಪುಸ್ತಕದಲ್ಲೂ ಇಲ್ಲ. ಲೆಕ್ಕದಿಂದ ಹೊರಬಿದ್ದದ್ದು ಲಕ್ಷ್ಯದಿಂದಲೂ ಹೊರಬಿದ್ದಿದೆ.

ಆದರೂ ಅವರು ಇದ್ದಾರೆ. 2011ರ ಜನಗಣತಿ ಕೃಷಿ ಮತ್ತು ಗೃಹ ಕೈಗಾರಿಕೆಗಳ ಹೊರಗಿನ ದುಡಿಮೆಗಾರರನ್ನು ಕೆಲಸಕ್ಕೆ ಹೇಗೆ ಹೋಗುತ್ತೀರಿ ಎಂದು ಕೇಳಿತು. ಅಂಥ ಸುಮಾರು 20 ಕೋಟಿ ಜನರಲ್ಲಿ 2.6 ಕೋಟಿ ಜನ ಸೈಕಲ್ ಎಂದರು. ಅಂದು ಬೈಕು, ಸ್ಕೂಟರ್‌ಗಳಲ್ಲಿ ಹೋಗುವವರ ಸಂಖ್ಯೆಯೂ ಹೆಚ್ಚುಕಡಿಮೆ ಅಷ್ಟೇ ಇತ್ತು. ಆಮೇಲೆ ಬೈಕುಗಳು ಬಹಳ ಹೆಚ್ಚಿವೆ, ನಿಜ. ಸೈಕಲ್ ಬಿಟ್ಟವರಲ್ಲಿ ಎಷ್ಟು ಮಂದಿ ಆಸೆಯಿಂದ ಬಿಟ್ಟರು, ಎಷ್ಟು ಮಂದಿ ಹೆದರಿ ಬಿಟ್ಟರು ಎಂದು ಯಾರೂ ಕೇಳಿಲ್ಲ.

ಇನ್ನು ಪುಸ್ತಕದಲ್ಲಿ ಏನಿದೆ? ಭಾರತೀಯ ರಸ್ತೆ ಕಾಂಗ್ರೆಸ್, ಅಂದರೆ ನಮ್ಮ ಎಲ್ಲ ಎಂಜಿನಿಯರ್‌ಗಳೂ ಅನುಸರಿಸುವ ಐಆರ್‌ಸಿ, ಸೈಕಲ್ ದಾರಿಗಳ ವಿನ್ಯಾಸಕ್ಕೆಂದೇ ತನ್ನ 11ನೇ ಸಂಖ್ಯೆಯ ಕೈಪಿಡಿಯನ್ನು 1962ರಲ್ಲಿ ಹೊರತಂದಿತು. ಎಂಐಡಿಸಿ ಹುಟ್ಟಿದ ವರ್ಷವೇ ಅದು. ತಾಸಿಗೆ 200ಕ್ಕೂ ಹೆಚ್ಚು ಮೋಟಾರು ವಾಹನಗಳು ಓಡುವ ರಸ್ತೆಯಲ್ಲಿ, ದಟ್ಟಣೆಯ ತಾಸಿಗೆ ಕೇವಲ 100 ಸೈಕಲ್‌ಗಳಿದ್ದರೂ ಪ್ರತ್ಯೇಕ ಸೈಕಲ್ ದಾರಿ ಸಮರ್ಥನೀಯ ಎಂಬ ಮಾತು ಅದರಲ್ಲಿದೆ. 2015ರಲ್ಲಿ ಆ ಕೈಪಿಡಿ ಪರಿಷ್ಕಾರವಾಯಿತು. 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿ ರಸ್ತೆ ಇರುವುದು ಜನರ ಸಾಗಣೆಗೆ ಎಂದು ಸಾರಿತು. ಅಂದರೆ ಜ್ಞಾನ ಕಡತದಲ್ಲಿ ಅರವತ್ತು ವರ್ಷಗಳಿಂದ ಇದೆ. ಅದನ್ನು ಒಂದು ನಿರ್ದಿಷ್ಟ ರಸ್ತೆಗೆ ತಂದು ಹಚ್ಚಲು ಒಂದೇ ಒಂದು ಅಂಕಿ ಬೇಕು: ಪಾಳಿ ಬಿಡುವ ತಾಸಿನಲ್ಲಿ ಇಲ್ಲಿ ಎಷ್ಟು ಸೈಕಲ್‌ಗಳು ಹಾಯುತ್ತವೆ? ಆ ಅಂಕಿ ನಾನು ಕೇಳಿದ ಯಾವ ಮೇಜಿನ ಮೇಲೂ ಇರಲಿಲ್ಲ.

ಒಂದು ಮುಂಜಾವು ಎಂಐಡಿಸಿ ದಾಟಿ, ಮಾನ್ಪಾಡಾ ಮೇಲೆ ಹಾಯ್ದು ಶೀಳ್ ರಸ್ತೆಗೆ ಇಳಿದೆ. “ಅಣ್ಣಾ, ಶೀಳ್ ರೋಡಿಗೆ ಮಾತ್ರ ಸೈಕಲ್ ಒಯ್ಯಬ್ಯಾಡ” ಎಂದು ತಂಗಿ ಹಿಂದಿನ ರಾತ್ರಿ ಎಷ್ಟು ಸಲ ಹೇಳಿದ್ದಳೋ. ಭಿವಂಡಿಯ ಗೋದಾಮುಗಳಿಂದ ಕಲ್ಯಾಣ ದಾಟಿ ನವಿ ಮುಂಬಯಿ, ಬಂದರಿನ ಕಡೆಗೆ ಹೋಗುವ ಭಾರೀ ವಾಹನಗಳ ದಾರಿ ಇದು. ಅಗಲೀಕರಣ ನಡೆದು ಆರು ಪಥಗಳಾಗಿದೆ, ಮೇಲೆ ಕಲ್ಯಾಣ–ತಳೋಜಾ ಮೆಟ್ರೋದ ಕಾಮಗಾರಿ. ಕಾಟೈ ನಾಕಾ ದಾಟಿದರೆ ಪಲಾವ ಬಡಾವಣೆಯ ಎತ್ತರದ ಕಟ್ಟಡಗಳು ಕಾಣುತ್ತವೆ. ಅಲ್ಲಿಯ ಮೇಲ್ಸೇತುವೆ 2025ರ ಜುಲೈ 4ರಂದು ಉದ್ಘಾಟನೆಯಾಯಿತು, ಅಂದೇ ದ್ವಿಚಕ್ರ ಸವಾರರು ಜಾರಿ ಬಿದ್ದರೆಂದು ಕೆಲ ಹೊತ್ತು ಮುಚ್ಚಬೇಕಾಯಿತು. ನಾಲ್ಕು ಗಾಲಿಗಳ ಮೇಲೆ ಬಂದ ಗಣ್ಯರಿಗೆ ಆ ಜಾರಿಕೆ ತಿಳಿಯಲು ಸಾಧ್ಯವೇ ಇರಲಿಲ್ಲ. ಎರಡು ಗಾಲಿಗಳ ಮೇಲೆ ಬಂದವರಿಗೆ ಮೊದಲ ತಾಸಿನಲ್ಲೇ ತಿಳಿಯಿತು. ತಪಾಸಣೆ ಮಾಡುವವರು ಯಾವ ವಾಹನದಲ್ಲಿ ಕುಳಿತು ಮಾಡಬೇಕು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಪಾಠ ಬೇಕಿಲ್ಲ.

ಶೀಳ್ ಫಾಟಾ ದಾಟಿ ಮಹಾಪೆಯ ಏರು ಹತ್ತಿದೆ. ಪಾರಸಿಕ ಗುಡ್ಡದ ಸಾಲು ಮಳೆಯಿಂದ ತೊಯ್ದು ಹಸಿರಾಗಿತ್ತು. ಆ ಏರಿನಲ್ಲಿ ಸೈಕಲ್ ನಡಿಗೆಯ ವೇಗಕ್ಕೆ ಬರುತ್ತದೆ, ಪಕ್ಕದಲ್ಲಿ ಕಂಟೇನರ್‌ಗಳು ಗೇರ್ ಬದಲಿಸುತ್ತ ಗುರುಗುಟ್ಟುತ್ತವೆ. ಇಳಿದರೆ ನವಿ ಮುಂಬಯಿ. 1970ರಲ್ಲಿ ಸಿಡ್ಕೊ ಸಂಸ್ಥೆ ಹುಟ್ಟಿದ ಮೇಲೆ ಕಾಗದದ ಮೇಲೆ ಗೆರೆ ಎಳೆದು ಕಟ್ಟಿದ ನಗರ ಇದು. ರಸ್ತೆಗಳು ಅಗಲ, ಮರಗಳು ಧಾರಾಳ. ವಾಶಿಯಿಂದ ಬೇಲಾಪುರಕ್ಕೆ ಕಡಲ ಖಾಡಿಯ ಅಂಚಿನಲ್ಲಿ ಸಾಗುವ ಪಾಮ್ ಬೀಚ್ ರಸ್ತೆ ಸೈಕಲ್ ಪ್ರಿಯರ ಅಚ್ಚುಮೆಚ್ಚಿನದು.

ಅದೇ ರಸ್ತೆಯಲ್ಲಿ, ನೆರೂಳ್ ಹತ್ತಿರ, 2024ರ ಫೆಬ್ರವರಿ 28ರ ಬೆಳಗಿನ ಜಾವ ಅವತಾರ ಸೈನಿಯವರು ತೀರಿಕೊಂಡರು. ಇಂಟೆಲ್ ಕಂಪನಿಯ ಪೆಂಟಿಯಂ ಪ್ರೊಸೆಸರ್ ವಿನ್ಯಾಸದಲ್ಲಿ ದೊಡ್ಡ ಪಾಲಿದ್ದವರು. ಅವರಿಗೆ 68 ವರ್ಷ. ಗೆಳೆಯರೊಡನೆ ಸೈಕಲ್ ತುಳಿಯುತ್ತಿದ್ದಾಗ ಹಿಂದಿನಿಂದ ವೇಗವಾಗಿ ಬಂದ ಟ್ಯಾಕ್ಸಿ ಗುದ್ದಿತು. ದೇಶದ ಎಲ್ಲ ಪತ್ರಿಕೆಗಳೂ ಬರೆದವು. ಅವರ ಸಾವು ನಮಗೆ ಒಂದು ಮಾತನ್ನು ಸ್ಪಷ್ಟವಾಗಿ ಹೇಳುತ್ತದೆ. ರಸ್ತೆ ಅಗಲವಾಗಿತ್ತು, ಹೊತ್ತು ದಟ್ಟಣೆಯದಾಗಿರಲಿಲ್ಲ. ಎಂಐಡಿಸಿಯ ಇಕ್ಕಟ್ಟು, ಅಂಚು, ಖಡ್ಡಾ ಯಾವುದೂ ಅಲ್ಲಿ ಇರಲಿಲ್ಲ. ಇದ್ದದ್ದು ವೇಗ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಬರುವ ವಾಹನದ ಹೊಡೆತದ ಶಕ್ತಿ 30ರಲ್ಲಿ ಬರುವುದಕ್ಕಿಂತ ನಾಲ್ಕು ಪಟ್ಟು. ಸರಾಸರಿ ವೇಗ ಶೇ. 1ರಷ್ಟು ಏರಿದರೆ ಸಾವಿನ ಅಪಘಾತದ ಅಪಾಯ ಶೇ. 4ರಷ್ಟು ಏರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಧಿಕಾರಿಗಳು ರಸ್ತೆ ಅಗಲವಾದರೆ ಸುರಕ್ಷಿತವಾಯಿತು ಎಂದುಕೊಳ್ಳುತ್ತಾರೆ. ಅಗಲವಾದ ರಸ್ತೆ ವೇಗವನ್ನು ಕರೆಯುತ್ತದೆ, ವೇಗ ಸೈಕಲ್ ಸವಾರನನ್ನು ಕೊಲ್ಲುತ್ತದೆ. ಹೆಸರಾಂತ ಎಂಜಿನಿಯರನಿಗೂ ಇಂಡಿ ಕಡೆಯ ಬಣ್ಣದ ಕೆಲಸಗಾರನಿಗೂ ಆ ಅಪಾಯದಲ್ಲಿ ಭೇದವಿಲ್ಲ. ಭೇದ ಇರುವುದು ಸುದ್ದಿಯಾಗುವುದರಲ್ಲಿ.

2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ ನೂರಕ್ಕೆ ಸುಮಾರು ಮೂವರು ಸೈಕಲ್ ಸವಾರರು. ಶೇಕಡಾವಾರಿನಲ್ಲಿ ಸಣ್ಣದಾಗಿ ಕಾಣುವ ಆ ಸಂಖ್ಯೆ ಬಿಡಿಸಿದರೆ ವರ್ಷಕ್ಕೆ ನಾಲ್ಕೂವರೆ ಸಾವಿರ ಮನೆಗಳನ್ನು ಮೀರುತ್ತದೆ.

ದಾರಿ ಮಾಡಿಕೊಡುವ ಪ್ರಯತ್ನಗಳೇ ಆಗಿಲ್ಲವೆಂದಲ್ಲ. ಮುಂಬಯಿಯ ಬಾಂದ್ರಾ–ಕುರ್ಲಾ ಸಂಕೀರ್ಣದಲ್ಲಿ 2011ರ ಸುಮಾರಿಗೆ ಸೈಕಲ್ ಪಥ ಕಟ್ಟಿದರು. ವಾಹನಗಳು ಅದರ ಮೇಲೆ ನಿಂತವು, ಅದು ಮನೆಗಳಿಗಾಗಲಿ ಸ್ಟೇಷನ್ನಿಗಾಗಲಿ ಸರಿಯಾಗಿ ಕೂಡಿಕೊಳ್ಳಲಿಲ್ಲ. 2025ರಲ್ಲಿ ಅದನ್ನು ಕಿತ್ತು ವಾಹನಗಳ ಪಥಕ್ಕೆ ಸೇರಿಸುವ ತೀರ್ಮಾನ ಬಂತು. ನಮ್ಮ ಬೆಂಗಳೂರಿನಲ್ಲಿ 2020ರಲ್ಲಿ ಹೊರವರ್ತುಲ ರಸ್ತೆಗೆ ಗೂಟಗಳನ್ನು ನೆಟ್ಟು ಸೈಕಲ್ ಪಥ ಮಾಡಿದರು. ಐಟಿ ನೌಕರರೂ ಕಾವಲುಗಾರರೂ ಒಟ್ಟಿಗೆ ಬಳಸಿದ ಅಪರೂಪದ ದಾರಿ ಅದು. ಬೈಕುಗಳು ನುಗ್ಗಿದವು, ಗೂಟಗಳು ಮುರಿದವು, ಮೆಟ್ರೋ ಕಾಮಗಾರಿ ಬಂದಾಗ ಮೊದಲು ಹೋದದ್ದು ಅದೇ. ಮೈಸೂರು 2017ರ ಜೂನ್‌ನಲ್ಲಿ 450 ಸೈಕಲ್‌ಗಳೊಂದಿಗೆ ಟ್ರಿಣ್ ಟ್ರಿಣ್ ಯೋಜನೆ ಶುರು ಮಾಡಿ ದೇಶಕ್ಕೆ ಮಾದರಿಯಾಯಿತು. ಅಲ್ಲಿಯೂ ಬಾಡಿಗೆ ಸೈಕಲ್ ಬಂದಷ್ಟು ಬೇಗ ಅದು ಓಡುವ ದಾರಿ ಬರಲಿಲ್ಲ. ಇವನ್ನೆಲ್ಲ ನೋಡಿ ಅಧಿಕಾರಿಗಳು ಪಡೆದ ಪಾಠ, ಜನರಿಗೆ ಸೈಕಲ್ ಬೇಡ ಎಂಬುದು. ನಾನು ಓದಿಕೊಂಡ ಪಾಠ ಬೇರೆ. ಬಳಸುವವರನ್ನು ಎಣಿಸದೆ, ಅವರು ಎಲ್ಲಿಂದ ಎಲ್ಲಿಗೆ ಹೋಗುತ್ತಾರೆಂದು ಕೇಳದೆ ಹಾಕಿದ ದಾರಿಯನ್ನು ಕಾಪಾಡಲು ಆಫೀಸಿನೊಳಗೆ ಯಾರೂ ಇರುವುದಿಲ್ಲ.

ಸೈಕಲ್ಲಿನ ನಾಡೆಂದು ಹೆಸರಾದ ನೆದರ್ಲೆಂಡ್ಸ್ ಕೂಡ ಹುಟ್ಟುತ್ತಲೇ ಹಾಗಿರಲಿಲ್ಲ. 1971ರಲ್ಲಿ ಆ ಪುಟ್ಟ ದೇಶದ ರಸ್ತೆಗಳಲ್ಲಿ 3,000ಕ್ಕೂ ಹೆಚ್ಚು ಜನ ಸತ್ತರು, 400ಕ್ಕೂ ಹೆಚ್ಚು ಮಕ್ಕಳು ಅವರಲ್ಲಿದ್ದರು. ತಾಯಂದಿರು, ತಂದೆಯಂದಿರು ಬೀದಿಗಿಳಿದು ಮಕ್ಕಳ ಕೊಲೆ ನಿಲ್ಲಿಸಿ ಎಂದರು. ಅಲ್ಲಿಯ ಎಂಜಿನಿಯರ್‌ಗಳು ಅಂದಿನಿಂದ ರಸ್ತೆಯನ್ನು ಮರಳಿ ಓದಲು ಕಲಿತರು. ಅಧಿಕಾರಿಗಳ ತಿಳಿವಳಿಕೆ ಬದಲಾಗುತ್ತದೆ ಎಂಬ ನನ್ನ ನಂಬಿಕೆಗೆ ಅದು ಒಂದು ಆಧಾರ.

ಇನ್ನೊಂದು ಆಧಾರ ನಮ್ಮ ಕಾನೂನಿನಲ್ಲೇ ಇದೆ. 2019ರ ತಿದ್ದುಪಡಿಯಿಂದ ಮೋಟಾರು ವಾಹನ ಕಾಯ್ದೆಗೆ 198ಎ ಕಲಮು ಸೇರಿತು. ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಯಲ್ಲಿ ಮಾನದಂಡ ಪಾಲಿಸದೆ ಸಾವು ಅಥವಾ ಅಂಗವೈಕಲ್ಯ ಉಂಟಾದರೆ ಹೊಣೆಗಾರ ಪ್ರಾಧಿಕಾರ, ಗುತ್ತಿಗೆದಾರ, ಸಲಹೆಗಾರರಿಗೆ ಒಂದು ಲಕ್ಷ ರೂಪಾಯಿವರೆಗೆ ದಂಡ. 2025ರ ಅಕ್ಟೋಬರ್ 7ರಂದು ಸುಪ್ರೀಂ ಕೋರ್ಟು, ಪಾದಚಾರಿಗಳು ಮತ್ತು ಮೋಟಾರಿಲ್ಲದ ವಾಹನಗಳ ಓಡಾಟಕ್ಕೂ ರಸ್ತೆಗಳ ವಿನ್ಯಾಸಕ್ಕೂ ಆರು ತಿಂಗಳೊಳಗೆ ನಿಯಮ ಮಾಡುವಂತೆ ರಾಜ್ಯಗಳಿಗೆ ಹೇಳಿತು. ಅದೇ ತಿಂಗಳು ಮುಂಬಯಿ ಹೈಕೋರ್ಟು ರಸ್ತೆ ಗುಂಡಿಯಿಂದ ಸತ್ತವರ ಕುಟುಂಬಕ್ಕೆ 6 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಪಾಲಿಕೆಗಳಿಗೂ ಇತರ ಸಂಸ್ಥೆಗಳಿಗೂ ಆದೇಶಿಸಿತು. ಸುರಕ್ಷಿತ ರಸ್ತೆ ಬದುಕುವ ಹಕ್ಕಿನ ಭಾಗ ಎಂದಿತು. ಹೊಣೆಯ ಒಂದು ಪಾಲು ಸವಾರನ ಹೆಗಲಿನಿಂದ ರಸ್ತೆ ಕಟ್ಟುವವರ ಹೆಗಲಿಗೆ ಸರಿಯುತ್ತಿದೆ.

ಡೊಂಬಿವಲಿಯ ಮಟ್ಟಿಗೆ ನಾನು ಕೇಳುವುದು ಸಣ್ಣದು. ಒಂದು ಕೆಲಸದ ದಿನ, ಮೂರು ಪಾಳಿಗಳು ಬದಲಾಗುವ ಹೊತ್ತಿಗೆ, ಘರಡಾ ಸರ್ಕಲ್‌ನಂಥ ನಾಲ್ಕೈದು ಕೂಡುರಸ್ತೆಗಳಲ್ಲಿ ಜನ ನಿಂತು ಸೈಕಲ್‌ಗಳನ್ನು ಎಣಿಸಲಿ. ಪಾಲಿಕೆ ಮಾಡದಿದ್ದರೆ ಊರವರೇ ಮಾಡಬಹುದು. ಇಲ್ಲಿಯ ಕನ್ನಡಿಗರು ಕರ್ನಾಟಕ ಸಂಘ ಕಟ್ಟಿದವರು, ಮಂಜುನಾಥನ ಹೆಸರಿನಲ್ಲಿ ಶಾಲೆ–ಕಾಲೇಜು ನಡೆಸುವವರು. ಆ ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ನಾಗರಿಕ ಪಾಠ ಸಿಗಲಾರದು. ಬಂದ ಅಂಕಿಯನ್ನು ಐಆರ್‌ಸಿ ಕೈಪಿಡಿಯ ಅಳತೆಗೆ ಹಿಡಿದು ಎಲ್ಲ ಇಲಾಖೆಗಳ ಮುಂದೆ ಒಟ್ಟಿಗೆ ಇಡಲಿ. ಜಾಲರಿಗಳನ್ನು ಅಡ್ಡ ತಿರುಗಿಸಲು, ಕಾಂಕ್ರೀಟಿನ ಅಂಚಿಗೆ ಇಳಿಜಾರು ಕೊಡಲು, ನಿಂತ ಟ್ಯಾಂಕರ್‌ಗಳಿಗೆ ಬೇರೆ ಜಾಗ ತೋರಿಸಲು, ಕಂಪನಿಗಳ ಗೇಟಿನ ಮುಂದೆ ವೇಗವನ್ನು 30ಕ್ಕೆ ಇಳಿಸಲು ದೊಡ್ಡ ಯೋಜನೆಯ ಮಂಜೂರಾತಿಗೆ ಕಾಯಬೇಕಿಲ್ಲ.

ಇನ್ನು ಒಂದು ಮಾತು ಅಧಿಕಾರಿಗಳಿಗೇ. ರಸ್ತೆಯ ಕಾಮಗಾರಿ ಮುಗಿಯಿತೆಂದು ಸಹಿ ಹಾಕುವ ಮುಂಚೆ ಆ ರಸ್ತೆಯ ಮೇಲೆ, ಪಾಳಿ ಬಿಡುವ ಹೊತ್ತಿಗೆ, ನೀವೇ ಸೈಕಲ್ ತುಳಿಯಿರಿ. ಟ್ರಾಫಿಕ್ ಅಧಿಕಾರಿ ಜೊತೆಗಿರಲಿ, ಗುತ್ತಿಗೆದಾರನೂ ಇರಲಿ. ಬ್ಯಾನರ್ ಬೇಡ, ರ‍್ಯಾಲಿ ಬೇಡ, ಮುಂದೆ ಪೊಲೀಸ್ ಜೀಪು ಬೇಡ. ಇಂಡಿ ಕಡೆಯ ಆ ಹಿರಿಯರು ಎಲ್ಲಿ ಕಾಲು ಊರಿ ನಿಲ್ಲುತ್ತಾರೋ ಅಲ್ಲಿ ನಿಮಗೂ ಕಾಲು ಊರಬೇಕೆನ್ನಿಸಿದರೆ ಆ ಜಾಗ ಇನ್ನೂ ಮುಗಿದಿಲ್ಲ ಎಂದು ತಿಳಿಯಿರಿ, ಸಹಿ ಹಾಕಬೇಡಿ. ಅರವತ್ತು ವರ್ಷಗಳಿಂದ ಕೈಪಿಡಿಯಲ್ಲಿ ಇರುವುದು ಆಗ ಮೈಗೆ ಅರ್ಥವಾಗುತ್ತದೆ. ಮೈಗೆ ಅರ್ಥವಾದ ಅಧಿಕಾರಿ ಮುಂದಿನ ನಕ್ಷೆಯನ್ನು ಬೇರೆ ಥರ ಬರೆಯುತ್ತಾನೆ ಎಂದು ನಾನು ಪೂರ್ತಿ ನಂಬುತ್ತೇನೆ.